ಹೆದ್ದಾರಿ ಪಾರ್ಕಿನಲ್ಲಿ ತುಂಬಿದ ಉಡಿ

ಗಂಡಿನ ಕಡೆಯವರು ಮನೆಗೆ ಬರುವುದು ಬೇಡ, ಪಾರ್ಕಿಗೆ ಬರಲಿ ಎಂದವಳು ನನ್ನ ಮಗಳು. ಹೂಂ ಅಂದವಳು ನಾನು. ಆ ಒಂದು ಹೂಂಗಾಗಿ ಇಡೀ ದಿನ ನನ್ನನ್ನು ನಾನೇ ಬೈದುಕೊಂಡೆ.

ಅವಳದು ಒಂದೇ ಹಟ. "ಅವ್ವಾ, ಆ ಹುಡುಗನ್ನ ನಾ ಒಂದ್ ಮಾತ್ ಕೇಳ್ಬೇಕು. ನಾವಿಬ್ಬರ ಇದ್ದಾಗ ಕೇಳ್ಬೇಕು. ಮನ್ಯಾಗ ಮಂದಿ ಮುಂದ ತಲಿ ತಗ್ಗಿಸಿ ಕುಂತು ಕೇಳೂ ಮಾತಲ್ಲ ಅದು."

ಯಾವ ಮಾತು ಎಂದು ನಾನು ಕೇಳಿದ್ದಕ್ಕೆ ಪಡಸಾಲೆಯ ಕಡೆ ಕೈ ಮಾಡಿದಳು. ಅಲ್ಲಿರುವುದು ನಮ್ಮ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವುದು. ಗಜೇಂದ್ರಗಡದ ನಮ್ಮ ಓಣಿಯ ಹುಡುಗಿಯರಿಗೆ ಈಗ ಮಗ್ಗವೆಂದರೆ ಬೇಸರ. ನನ್ನ ಮಗಳಿಗೆ ಮಾತ್ರ ಡಿಗ್ರಿ ಮುಗಿದ ಮೇಲೂ ಬೆಳಿಗ್ಗೆ ಚಹಾ ಕುಡಿದವಳೇ ಆ ಕುಣಿಗೆ ಇಳಿಯದಿದ್ದರೆ ಸಮಾಧಾನವಿಲ್ಲ. ಗಂಡನ ಮನೆಯಲ್ಲೂ ಕುಣಿ ತೋಡಲು ಬಿಡುತ್ತಾರೋ ಇಲ್ಲವೋ, ಅದನ್ನು ಹುಡುಗನ ಬಾಯಿಂದಲೇ ಕೇಳಬೇಕಂತೆ. ನರಗುಂದದ ಆ ಮನೆಯವರೂ ಒಂದು ಕಾಲಕ್ಕೆ ನೇಕಾರರೇ. ಮಗ್ಗ ಕಿತ್ತು ಸೀರೆ ಅಂಗಡಿ ಹಾಕಿ ವರ್ಷಗಳಾದವು. ಹುಡುಗ ಸಂಭಾವಿತ, ಮನೆ ಹೊಸದು. ನನಗಂತೂ ಈ ಸಂಬಂಧ ಕೈತಪ್ಪಬಾರದು ಎಂದೇ ಇತ್ತು.

ಪಾರ್ಕು ರೋಣದ ಕಡೆಗೆ, ಹೆದ್ದಾರಿಯ ಪಕ್ಕದಲ್ಲಿ. ಎರಡೂ ಮನೆಯವರಿಗೆ ನಡುದಾರಿ. ಹೊರಗಿನ ಬೋರ್ಡಿನ ಮೇಲೆ ಹುಲಿ, ಜಲಪಾತ, ಎಲ್ಲ ಉಂಟು. ಒಳಗೆ ಹೋದರೆ ಬೇವು, ಹೊಂಗೆ, ಕುರುಚಲು ಗುಡ್ಡ, ಒಂದು ಸಿಮೆಂಟ್ ಜಿಂಕೆ. ದೂರದ ನೋಟ ನೋಡಲಿಕ್ಕೆಂದು ಕಟ್ಟಿದ ಗೋಪುರಕ್ಕೆ ಬೀಗ. ನೆರಳೇನೋ ಚಲೋ ಇತ್ತು, ಸುಳ್ಳು ಹೇಳಬಾರದು. ಆದರೆ ರಸ್ತೆಯ ಲಾರಿಗಳ ಹಾರ್ನಿಗೆ ಹಕ್ಕಿಗಳೇ ಬೇಸತ್ತು ಸುಮ್ಮನಾಗಿದ್ದವು.

ಹುಡುಗ, ಅವನ ತಾಯಿ, ತಂದೆ ಇಷ್ಟೇ ಮಂದಿ ಬರುವುದೆಂದು ಮಾತಾಗಿತ್ತು. ಬಂದದ್ದು ಒಂದು ಕ್ರೂಸರ್ ತುಂಬ! ಅತ್ತೆ, ಚಿಕ್ಕಮ್ಮ, ಸೋದರಮಾವ, ಜೊತೆಗೆ ಯಾರೆಂದು ಅವರಿಗೇ ಸರಿಯಾಗಿ ಗೊತ್ತಿರದ ಒಬ್ಬ ಹಿರಿಯರು. ಅವರನ್ನು ಏನೆಂದು ಬಯ್ಯಲಿ? ನಮ್ಮ ಕಡೆಯೂ ಕಡಿಮೆಯಿರಲಿಲ್ಲ. ನನ್ನ ನಾದಿನಿ ಚೀಲದೊಳಗೆ ಸಣ್ಣ ಗ್ಯಾಸ್ ಒಲೆ, ರವೆ, ತುಪ್ಪ ಎಲ್ಲ ಹೊತ್ತು ತಂದಿದ್ದಳು. ಹುಡುಗಿ ಕೈಯಾರೆ ಬಿಸಿ ಶಿರಾ ಕೊಡದಿದ್ದರೆ ಅದು ಹೆಣ್ಣು ನೋಡುವ ಕಾರ್ಯವೇ ಅಲ್ಲವಂತೆ. ಅವಳು ಒಲೆ ಹೊರತೆಗೆಯುತ್ತಲೇ ಗೇಟಿನವನು ಓಡಿ ಬಂದ.

"ಒಳಗ ಒಲಿ ಹಚ್ಚಂಗಿಲ್ರೀ ಅಕ್ಕಾರ. ಗಿಡಕ್ಕ ಬೆಂಕಿ ಹತ್ತಿದ್ರ ಏನ್ ಮಾಡ್ತೀರಿ?"

"ಹತ್ತಾಕ ಗಿಡ ಎಲ್ಲದಾವೋ ನಿನ್ನ ಪಾರ್ಕಿನ್ಯಾಗ?" ಎಂದಳು ನಾದಿನಿ.

ಅವಳನ್ನು ರಟ್ಟೆ ಹಿಡಿದು ಗೇಟಿನಾಚೆ ಎಳೆದೊಯ್ದೆ. ಹೆದ್ದಾರಿಯ ಪಕ್ಕ ನಾವು ಬಂದ ಕಾರಿನ ಮರೆಯಲ್ಲಿ ಒಲೆ ಹಚ್ಚಿ ಶಿರಾ ತಿರುವಿದೆವು. ಧೂಳು ಬೀಳದಂತೆ ನಾನು ಸೆರಗು ಅಡ್ಡ ಹಿಡಿದು ನಿಂತಿದ್ದೆ. ಹೋಗುವ ಬಸ್ಸಿನವರೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದರು. ಸಿಟ್ಟಿಗೆ ನನಗೆ ಅಳುವೇ ಬಂದಿತ್ತು.

ಶಿರಾ ಹಿಡಿದು ಒಳಗೆ ಬಂದರೆ ಇನ್ನೊಂದು ನಡೆದಿತ್ತು. ಹುಡುಗನ ತಾಯಿ ನನ್ನ ಮಗಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಉಡಿ ತುಂಬುತ್ತಿದ್ದರು. ಹಿತ್ತಾಳೆ ತಟ್ಟೆಯಿಂದ ಅಕ್ಕಿ, ತೆಂಗಿನಕಾಯಿ, ಖಣ, ಉತ್ತತ್ತಿ, ಅರಿಷಿಣದ ಕೊಂಬು ಒಂದೊಂದಾಗಿ ಅವಳ ಸೆರಗಿಗೆ ಬೀಳುತ್ತಿದ್ದವು. ನಮ್ಮಲ್ಲಿ ಹುಡುಗಿ ಒಪ್ಪಿಗೆಯಾದ ಮೇಲೆ, ಎಲ್ಲ ಮಾತು ಮುಗಿದ ಮೇಲೆ ಉಡಿ ತುಂಬುವುದು. ತುಂಬಿತೆಂದರೆ ಆಯಿತು, ಇನ್ನು ಅವಳು ಅವರ ಮನೆಯವಳು.

"ಇಷ್ಟ್ ಲಗೂ ಯಾಕ್ರೀ? ಹುಡುಗ ಹುಡುಗಿ ಇನ್ನಾ ಮಾತಾಡಿಲ್ಲ," ಎಂದೆ.

"ರಾಹುಕಾಲ ಹತ್ತತೈತ್ರೀ. ಮಾತೇನು, ಜಲ್ಮ ಪೂರ್ತಿ ಆಡೂದ ಐತಿ."

ಮಗಳು ನನ್ನ ಮುಖ ನೋಡಿದಳು. ನಾನು ಶಿರಾದ ಪಾತ್ರೆ ನೋಡಿದೆ.

ಈಗ ಹೊಸ ರಗಳೆ ಶುರುವಾಯಿತು. ತುಂಬಿದ ಉಡಿಯನ್ನು ದೇವರ ಜಗಲಿಯ ಮುಂದೆ ಇಳಿಸಬೇಕು, ಅಲ್ಲಿಯವರೆಗೆ ಸೆರಗಿನ ಗಂಟು ಬಿಡಬಾರದು, ನಡುವೆ ಬಿಟ್ಟರೆ ಸಂಬಂಧವನ್ನೇ ಬಿಟ್ಟ ಹಾಗೆ. ಪಾರ್ಕಿನಲ್ಲಿ ದೇವರ ಜಗಲಿ ಎಲ್ಲಿಂದ ತರುವುದು? ಹಾಗೇ ಊರತನಕ ಹೋಗಲಿ ಎಂದರು ಒಬ್ಬರು. "ಕ್ರೂಸರ್‌ನ್ಯಾಗ ಸ್ಟೇರಿಂಗ್ ಮುಂದ ಗಣಪ್ಪ ಕುಂತಾನ, ಅಲ್ಲೇ ಇಳಸ್ರಿ," ಎಂದರು ಆ ಗುರುತಿಲ್ಲದ ಹಿರಿಯರು. ಅದರ ಮೇಲೂ ಗಂಭೀರವಾಗಿ ಚರ್ಚೆ ನಡೆಯಿತು. ನನ್ನ ತಲೆ ಚಿಟ್ಟು ಹಿಡಿಯಿತು.

ಅಷ್ಟರಲ್ಲಿ ಮಗಳು ಉಡಿಯನ್ನು ಎದೆಗವಚಿಕೊಂಡು ಎದ್ದು, ಸಿಮೆಂಟ್ ಜಿಂಕೆಯ ಕಡೆ ನಡೆದೇಬಿಟ್ಟಳು. ಹುಡುಗ ಒಮ್ಮೆ ತಾಯಿಯ ಮುಖ ನೋಡಿ, ಅವಳ ಹಿಂದೆ ಹೋದ. ಜಿಂಕೆಯ ಹತ್ತಿರ ನಿಂತು ಅವಳು ಏನೋ ಕೇಳಿದಳು. ಅವನು ನೆಲ ನೋಡುತ್ತ ಏನೋ ಹೇಳಿದ. ಶಿರಾ ಆರುವ ಮೊದಲೇ ಇಬ್ಬರೂ ತಿರುಗಿ ಬಂದರು.

"ಮುಗೀತೇನವ್ವಾ ಮಾತು?" ಹುಡುಗನ ತಾಯಿ ನಗುತ್ತ ಕೇಳಿದರು.

"ನಿಮ್ಮ ಮನ್ಯಾಗ ಮಗ್ಗದ ಕುಣಿ ತೋಡಾಕ ಬಿಡ್ತೀರೇನ್ರಿ ಅಂತ ಕೇಳಿದ್ನಿರಿ, ಅವ್ವಾರ. ಅವ್ವನ್ನ ಕೇಳಿ ಹೇಳ್ತೀನಿ ಅಂದ್ರು. ಅವರಿಗ್ಯಾಕ ತ್ರಾಸು, ನಾನ ಕೇಳಾಕತ್ತೀನಿ."

ಯಾರ ಮುಂದೆ ಕೇಳಬಾರದೆಂದು ಇಷ್ಟೆಲ್ಲ ಮಾಡಿದಳೋ, ಅವರೆಲ್ಲರ ಮುಂದೆಯೇ ಕೇಳಿದ್ದಳು. ತಲೆ ತಗ್ಗಿಸಿರಲಿಲ್ಲ.

ಆ ತಾಯಿಗೆ ಸಿಟ್ಟೇನೂ ಬರಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು. "ಹೊಸಾ ಟೈಲ್ಸ್ ಹಾಕ್ಸೇವಿ, ತಂಗಿ. ಒಡದು ತಗ್ಗ ತೋಡ್ತಾರೇನು? ಅಂಗಡಿ ತುಂಬ ಸೀರಿ ಅದಾವ, ಬೇಕಾದ್ದ ಉಟ್ಕೋ."

ನಾದಿನಿ ಹಿಂದಿನಿಂದ ನನ್ನನ್ನು ಚಿವುಟಿದಳು, ಏನಾದರೂ ಹೇಳು ಎಂದು. ಮಗಳು ಮತ್ತೆ ನನ್ನ ಮುಖ ನೋಡಿದಳು. ಅಕ್ಕಿಯ ಭಾರಕ್ಕೆ ಜಾರುತ್ತಿದ್ದ ಉಡಿಯನ್ನು ಮೇಲಕ್ಕೆ ಎಳೆದುಕೊಂಡಳು. ಬೆಳಗಿನಿಂದ ಎಲ್ಲರ ಮೇಲೆ ಬಂದ ಸಿಟ್ಟು ಒಮ್ಮೆಗೇ ನನ್ನೊಬ್ಬಳ ಮೇಲೆ ತಿರುಗಿತು. ಶಿರಾದ ಪಾತ್ರೆಯನ್ನು ನಾದಿನಿಯ ಕೈಗೆ ಕೊಟ್ಟೆ. ಬೆಂಚಿನ ಮೇಲಿದ್ದ ಅವರ ಹಿತ್ತಾಳೆ ತಟ್ಟೆಯನ್ನು ಎತ್ತಿ ಮಗಳ ಸೆರಗಿನ ಕೆಳಗೆ ಹಿಡಿದೆ.

"ಇಲ್ಲೇ ಇಳಸವ್ವಾ," ಎಂದೆ.