ಅಣೆಕಟ್ಟಿನ ಇಂಜಿನಿಯರರೂ ನಮ್ಮ ಹೊಳೆಯ ಕಟ್ಟವೂ

ಬೆಳ್ಳೂರಿನ ಕಾಡುಗುಡ್ಡಗಳ ನಡುವಿನ ನಮ್ಮ ಹೊಳೆಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯಬಹುದೇ ಎಂದು ನೋಡಲು, ಐವತ್ತರ ದಶಕದ ಆರಂಭದಲ್ಲಿ ಒಬ್ಬ ಇಂಜಿನಿಯರರು ಬಂದರು. ನೀರು ಸಾಕಷ್ಟಿದ್ದರೆ ಅಣೆಕಟ್ಟು. ಅಣೆಕಟ್ಟಾದರೆ ನಮ್ಮ ಗದ್ದೆ ಜಲಾಶಯದ ತಳ. ಅವರು ಹೊಳೆಯಲ್ಲಿ ಗೆರೆ ಎಳೆದ ಕಂಬವೊಂದನ್ನು ನೆಡಿಸಿದರು. ಬೆಳಿಗ್ಗೆ ಸಂಜೆ ನೀರಿನ ಮಟ್ಟ ಬರೆದಿಡುವ ಕೆಲಸವನ್ನು ಓದು ಮುಗಿಸಿ ಮನೆಯಲ್ಲಿದ್ದ ನನಗೆ ಕೊಟ್ಟು ಮಂಗಳೂರಿಗೆ ಹೋದರು.

ಮಳೆ ನಿಂತು ತಿಂಗಳಾಗಿತ್ತು. ಪ್ರತಿವರ್ಷದಂತೆ ಊರವರು ಸೇರಿ, ಕಂಬದಿಂದ ಸ್ವಲ್ಪ ಕೆಳಗೆ ಕಲ್ಲು, ಮಣ್ಣು, ಸೊಪ್ಪು ತುಂಬಿ ಹೊಳೆಗೆ ಕಟ್ಟ ಹಾಕಿದರು. ಎರಡನೆಯ ಬೆಳೆಗೆ ಅದೇ ನೀರು. ಮಟ್ಟ ಏರಿತು. ಏರಿದ್ದನ್ನು ನಾನು ಬರೆದೆ.

"ಎರಡು ಗೆರೆ ಕಡಿಮೆ ಬರೆದರೆ ನಿನ್ನ ಗಂಟು ಎಂತ ಹೋಗ್ತದೆ ಮಾರಾಯ?" ಎಂದರು ಅಪ್ಪ.

"ಕಂಡದ್ದನ್ನು ಬರೀಲಿಕ್ಕೆ ಹೇಳಿದ್ದಾರೆ."

"ಹಾಗಾದರೆ ಕಣ್ಣು ಮುಚ್ಚಿ ಬರಿ."

ಪುಸ್ತಕದಲ್ಲಿ ಮಟ್ಟಕ್ಕೆ ಜಾಗವಿತ್ತು, ಕಾರಣಕ್ಕೆ ಇರಲಿಲ್ಲ. ಮರಳಿ ಬಂದ ಇಂಜಿನಿಯರರು ಅದನ್ನು ನೋಡಿ ಹಿಗ್ಗಿದರು. ಬೇಸಗೆ ಹತ್ತಿರವಾದಂತೆ ತುಂಬುವ ಹೊಳೆಯನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ಗುಡ್ಡದೊಳಗೆ ದೊಡ್ಡ ಒರತೆ ಇರಬೇಕೆಂದು ಎರಡು ದಿನ ಹುಡುಕಿದರು. ಕಟ್ಟದ ಸಂಗತಿಯನ್ನು ಯಾರೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ದೊಡ್ಡ ಕಟ್ಟ ಕಟ್ಟಲು ಬಂದವರಿಗೆ ಸಣ್ಣ ಕಟ್ಟ ಗೊತ್ತಿರಲಿಕ್ಕಿಲ್ಲ ಎಂದು ಯಾರಿಗೂ ತೋಚಲಿಲ್ಲ.

ಮೂರನೆಯ ದಿನ ಅವರು ಕಟ್ಟದ ಮೇಲೆಯೇ ನಿಂತು ಅಪ್ಪನನ್ನು ಕೇಳಿದರು: "ಮಳೆಯಿಲ್ಲ. ಇಷ್ಟು ನೀರು ಎಲ್ಲಿಂದ ಬರುತ್ತದೆ?"

ಅಪ್ಪ ಇಂಜಿನಿಯರರ ಬೂಟುಗಳನ್ನು ನೋಡಿದರು. "ಬರುದಲ್ಲ ಸಾರ್, ನಾವು ಹೋಗ್ಲಿಕ್ಕೆ ಬಿಡುದಿಲ್ಲ. ನೀವು ನಿಂತದ್ದು ಅದರ ಮೇಲೆಯೇ."

"ಇದು ಹೊಳೆ ದಾಟುವ ದಾರಿಯಲ್ಲವೇ?"

"ದಾಟುದೂ ಉಂಟು."

ಕಟ್ಟ ಬಿಡಿಸಿ ಮತ್ತೆ ಅಳೆಯಬೇಕು ಎಂದರು ಇಂಜಿನಿಯರರು. ಕಟ್ಟವನ್ನು ಮಳೆಗಾಲದ ನೀರು ಒಯ್ಯುತ್ತದೆಯೇ ಹೊರತು ಕೈಯಾರೆ ಒಡೆಯುವ ಪದ್ಧತಿ ಊರಲ್ಲಿರಲಿಲ್ಲ. ಪೈರು ಒಂದು ವಾರ ತಾಳೀತು, ಹೆಚ್ಚಿಲ್ಲ. ಆದರೂ ಮೊದಲು ಹಾರೆ ಎತ್ತಿದವರು ಅಪ್ಪನೇ.

ಕಟ್ಟ ಒಡೆದ ಐದನೆಯ ದಿನ ನೀರು ಕಂಬದ ಬುಡ ಬಿಟ್ಟು ಸರಿಯಿತು. ನಾನು ಸೊನ್ನೆ ಬರೆದೆ. ನನ್ನ ಅಕ್ಷರ ಚೆನ್ನಾಗಿದೆಯೆಂದು ಅಪ್ಪ ಅಂದು ಮೊದಲ ಸಲ ಹೇಳಿದರು. ಈ ಹೊಳೆ ಕರೆಂಟಿಗೆ ಆಗದು ಎಂದು ಬರೆದುಕೊಂಡ ಇಂಜಿನಿಯರರು ಹ್ಯಾಟು ಕೈಗೆತ್ತಿಕೊಂಡರು. ಅಷ್ಟರಲ್ಲಿ ಊರವರು ಮಣ್ಣಿನ ಬುಟ್ಟಿಗಳೊಂದಿಗೆ ಇಳಿದಿದ್ದರು.

"ಸಾರ್, ಕಟ್ಟ ಹಾಕುವಾಗ ಎದುರಿದ್ದವರು ಒಂದು ಬುಟ್ಟಿಯಾದರೂ ಹಾಕದೆ ಹೋಗ್ಲಿಕ್ಕಿಲ್ಲ. ಇಲ್ಲಿಯ ಕ್ರಮ," ಎಂದರು ಅಪ್ಪ.

ಅವರು ಪ್ಯಾಂಟು ಮಡಚಿ ಇಳಿದು ಬುಟ್ಟಿ ಸುರಿದರು.

"ಅಲ್ಲಿ ಅಲ್ಲ ಸಾರ್," ಎಂದರು ಅಪ್ಪ. "ಸೋರುದು ಇಲ್ಲಿ."