ಜ್ಞಾನಮಿತ್ರ ಮೇಷ್ಟ್ರ ಕತ್ತೆಯ ಕೀರ್ತನೆ

ಮೊನ್ನೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಹತ್ತಿದ ಆಟೋದ ಕನ್ನಡಿಗೆ, ಒಣಗಿದ ತೆಂಗಿನ ಗರಿಯೊಂದನ್ನು ಶಿಲುಬೆಯಂತೆ ಮಡಚಿ ಕಟ್ಟಿದ್ದರು. ಸಿಗ್ನಲ್ಲಿನಲ್ಲಿ ಅದನ್ನು ನೋಡುತ್ತ ನನಗೆ ನಗು ಬಂತು. ಡ್ರೈವರು ಅನುಮಾನದಿಂದ ತಿರುಗಿ ನೋಡಿದ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಅರೆಕೆರೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಮಾಲೀಕರಾದ ಜ್ಞಾನಮಿತ್ರ ಮೇಷ್ಟ್ರಿದ್ದರು. ನಿವೃತ್ತ ಕನ್ನಡ ಮೇಷ್ಟ್ರು, ಪ್ರಾಟೆಸ್ಟೆಂಟ್ ಚರ್ಚಿನ ಸಭೆಯವರು. ಬೆಳಗಾದರೆ ಹಾರ್ಮೋನಿಯಂ ಮುಂದೆ ಕೂತು ಕೀರ್ತನೆ ಕಟ್ಟುವರು. ಸಭೆಯಲ್ಲಿ ಹಾಡುತ್ತಿದ್ದುದೆಲ್ಲ ಹಳೆಯ ಪಾದ್ರಿಗಳ ಹಾಡುಗಳೇ. ಆ ಪಾದ್ರಿಗಳ ಕತೆಗಳನ್ನು ಮೇಷ್ಟ್ರು ಸೊಗಸಾಗಿ ಹೇಳುತ್ತಿದ್ದರು: ಒಬ್ಬ ಜ್ವರದಲ್ಲಿ ನಡುಗುತ್ತ ಬರೆದನಂತೆ, ಇನ್ನೊಬ್ಬ ಮಗುವನ್ನು ಮಣ್ಣು ಮಾಡಿ ಬಂದು ರಾಗ ಹಾಕಿದನಂತೆ. ‘ನನಗೆ ಅಂಥ ಕಷ್ಟ ಯಾವ್ದೂ ಬರ್ಲಿಲ್ಲ ನೋಡಿ ಸಾರ್, ಒಂದು ಶುಗರ್ ಬಿಟ್ರೆ,’ ಎಂದು ನಿಟ್ಟುಸಿರಿಡುತ್ತಿದ್ದರು. ಸಾಯುವುದರೊಳಗೆ ತಮ್ಮದೊಂದು ಕೀರ್ತನೆಯನ್ನು ಸಭೆ ಎದ್ದು ನಿಂತು ಹಾಡಬೇಕೆಂಬುದು ಅವರ ಆಸೆ.

ಕೊನೆಗೊಂದು ವರ್ಷ ಸಭೆಯ ಪಾದ್ರಿಗಳಾದ ಅಯ್ಯನವರು ಒಪ್ಪಿದರು. ಗರಿಗಳ ಭಾನುವಾರ, ಅಂದರೆ ಯೇಸು ಕತ್ತೆಯ ಮೇಲೆ ಕೂತು ಊರೊಳಕ್ಕೆ ಬಂದಾಗ ಜನ ಗರಿ ಬೀಸಿ ಜೈಕಾರ ಹಾಕಿದ್ದನ್ನು ನೆನೆಯುವ ದಿನ. ಮೇಷ್ಟ್ರ ಪಲ್ಲವಿ: ‘ಕತ್ತೆತ್ತಿ ನಿನ್ನ ನೋಡುವೆ ಒಡೆಯಾ.’ ಕತ್ತು ಎತ್ತಿ ನೋಡುವೆ ಎಂದರ್ಥ. ಮನೆಯಲ್ಲಿ ಒಂದೇ ಉಸಿರಿಗೆ ಹಾಡುವಾಗ ಚೆನ್ನಾಗಿಯೇ ಇತ್ತು. ಚರ್ಚಿನ ಹಾಡುಗಾರರು ಗಾಂಭೀರ್ಯ ಬರಲೆಂದು ನಿಧಾನ ಮಾಡಿಬಿಟ್ಟರು. ಮೇಷ್ಟ್ರು ಕರೆದರೆಂದು ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಅಯ್ಯನವರು ಬಿಳಿ ನಿಲುವಂಗಿಯಲ್ಲಿ, ಗರಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. ಎಲ್ಲರೂ ಅತ್ತ ತಿರುಗಿದರು. ಹಾಡುಗಾರರು ‘ಕತ್ತೇ…’ ಎಂದು ಎಳೆದು, ಉಸಿರು ತೆಗೆದುಕೊಳ್ಳಲು ನಿಂತರು.

‘ತ್ತಿ ನಿನ್ನ ನೋಡುವೆ’ ಎಂಬುದು ಯಾರಿಗೂ ಕೇಳಿಸಲಿಲ್ಲ. ಅಜ್ಜಿಯೊಬ್ಬರು ಗರಿಯಲ್ಲಿ ಮುಖ ಮುಚ್ಚಿಕೊಂಡರು, ಬೆಂಚುಗಳು ಕುಲುಕಾಡಿದವು, ಅಯ್ಯನವರೇ ಕಣ್ಣೊರೆಸಿಕೊಳ್ಳುತ್ತ ಮುಂದೆ ನಡೆದರು.

ಮೇಷ್ಟ್ರು ನಗಲಿಲ್ಲ. ಮನೆಗೆ ಬಂದು ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿ, ‘ದೇವರಿಗೆ ಅಂತ ಆಯಸ್ಸೆಲ್ಲ ಒದ್ದಾಡಿ ಕತ್ತೆ ಹಾಡು ಬರ್ದೆ ನೋಡಿ,’ ಅಂದರು. ಆಮೇಲೆ ವಾರಗಟ್ಟಲೆ ಅದನ್ನು ಮುಟ್ಟಲಿಲ್ಲ.

ಒಂದು ದಿನ ಅವರ ಹೆಂಡತಿ ಸುಗುಣಮ್ಮ ಸೊಪ್ಪು ಬಿಡಿಸುತ್ತ, ‘ಅಲ್ರೀ, ಅವತ್ತು ಸ್ವಾಮೀನ ಹೊತ್ಕೊಂಡ್ ಬಂದಿದ್ದು ಯಾರು? ಜೈಕಾರ ಹಾಕಿದೋರೆಲ್ಲ ಆಮೇಲೆ ಓಡ್ಹೋದ್ರು. ಬಾಯ್ಮುಚ್ಕೊಂಡು ಕೆಲಸ ಮಾಡಿದ್ದು ಕತ್ತೆ ಒಂದೇ. ಅದಕ್ಕೊಂದು ಹಾಡು ಬೇಡ್ವಾ?’ ಅಂದರು.

ಮೇಷ್ಟ್ರು ಎದ್ದು ಒಳಗೆ ಹೋದರು. ಮರುವರ್ಷ ಅಯ್ಯನವರ ಮುಂದೆ ಹೊಸ ಪಲ್ಲವಿ ಹಾಡಿದರು: ‘ಕತ್ತೆ ನಾನು; ಕತ್ತೆತ್ತಿ ನೋಡಿದೆ, ಬೆನ್ನ ಮೇಲೆ ನೀನಿದ್ದೆ.’

‘ಮೇಷ್ಟ್ರೇ, ಸಭೆಯವರೆಲ್ಲ ನಾನು ಕತ್ತೆ ಅಂತ ಹಾಡ್ಬೇಕಾ?’ ಎಂದು ಅಯ್ಯನವರು ಗಾಬರಿಯಾದರು.

‘ಹೂಂ ಅಯ್ಯನವರೇ. ನೀವೂನೂ.’

ಹಾಡಿದರು. ಕೋಟು ತೊಟ್ಟ ವಕೀಲರು, ಬ್ಯಾಂಕ್ ಮ್ಯಾನೇಜರು, ಅಯ್ಯನವರು, ಎಲ್ಲರೂ ಎದ್ದು ನಿಂತು ತಾವು ಕತ್ತೆಗಳೆಂದು ಸಾರಿದರು. ನಗಲೆಂದೇ ಬಂದವರು ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ಮೂಗೊರೆಸಿಕೊಳ್ಳುತ್ತಿದ್ದರು. ನಾನು ಮಾತ್ರ ಹಾಡಲಿಲ್ಲ. ಸಭೆಯವನಲ್ಲ ಎಂಬುದು ನೆಪ. ಆಫೀಸಿನವರು ಯಾರಾದರೂ ಕೇಳಿಸಿಕೊಂಡರೆ ಎಂಬುದು ನಿಜ.

ಆಟೋದಲ್ಲಿ ಇದೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗದೆ ಈ ಸಲದ ಗರಿಗಳ ಭಾನುವಾರಕ್ಕೆ ಹೋದೆ. ಮೇಷ್ಟ್ರು ಗಾಲಿಕುರ್ಚಿಯಲ್ಲಿದ್ದರು, ಹಾಡುವಷ್ಟು ಉಸಿರಿಲ್ಲ. ಅವರ ಕೀರ್ತನೆಯ ಪಲ್ಲವಿ ಬಂದಾಗ ನನ್ನ ಅಂಗಿ ಜಗ್ಗಿ, ‘ನನ್ನ ಬದಲು ನೀವು ಹಾಡಿ ಸಾರ್,’ ಅಂದರು. ಬಚ್ಚಲಲ್ಲೂ ಹಾಡದ ನಾನು ಗಂಟಲು ಬಿಚ್ಚಿ ‘ಕತ್ತೆ ನಾನು’ ಎಂದು ಹಾಡಿದೆ. ಮುಗಿದ ಮೇಲೆ ಅವರು ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

‘ಶ್ರುತಿ ಪೂರ್ತಿ ಹೋಯ್ತು ಸಾರ್,’ ಅಂದರು. ‘ಆದ್ರೆ ನಿಮ್ಮ ಬಾಯಲ್ಲಿ ಆ ಮಾತು ಎಷ್ಟು ಸಹಜವಾಗಿತ್ತು!’