ಬನ್ನೂರು ಸಂತೆಯಲ್ಲಿ ರೂಪಕ ಸಿಗಲಿಲ್ಲ

ಈಚೆಗೆ ನನಗೊಂದು ಚಾಳಿ ಅಂಟಿಕೊಂಡಿದೆ. ನೀವು ಕಷ್ಟ ಹೇಳಿಕೊಳ್ಳುತ್ತಿದ್ದರೂ ನನ್ನ ಕಿವಿ ಕಷ್ಟದ ಕಡೆಗಿರುವುದಿಲ್ಲ, ಹೇಳಿದ ಮಾತಿನ ಕಡೆಗಿರುತ್ತದೆ. 'ಹೊಟ್ಟೆ ಉರೀತದೆ ಕಣ್ರೀ' ಅಂತ ನೀವು ಕಣ್ಣೊರೆಸಿಕೊಂಡರೆ, ಆಹಾ, ರೂಪಕ! ಅಂತ ಒಳಗೇ ಹಿಗ್ಗುತ್ತೇನೆ. ಬೇಜಾರಾಗಬೇಡಿ, ಮೊದಲು ನಾನು ಹೀಗಿರಲಿಲ್ಲ.

ನಂಜನಗೂಡಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವಳು ಐವತ್ತರ ಹತ್ತಿರ ಪಿಎಚ್.ಡಿ.ಗೆ ಕೈಹಾಕಿದೆ. ಜನ ದಿನಾ ಆಡುವ ಮಾತಿನಲ್ಲಿರುವ ರೂಪಕಗಳನ್ನು ಕಂಪ್ಯೂಟರಿನಿಂದ ಹುಡುಕಿಸುವುದೇ ವಿಷಯ. ವಿಷಯಕ್ಕೆ ಒಪ್ಪಿಗೆ ಕೊಡಬೇಕಾದ ಸಮಿತಿಯ ಹಿರಿಯ ಮೇಷ್ಟ್ರಿಗೆ ಇದು ಸುತರಾಂ ಹಿಡಿಸಲಿಲ್ಲ. "ರೂಪಕ ಕವಿಗಳ ಸೊತ್ತಮ್ಮ. ಸಂತೇಲಿ ಏನು ಸಿಗುತ್ತೆ? ಮುಂದಿನ ಸಲ ತೋರಿಸಿ, ಇಲ್ಲದಿದ್ರೆ ಬಿಟ್ಟುಬಿಡಿ" ಅಂದರು. ಡಾಕ್ಟರೇಟು ಮಾಡುತ್ತಿದ್ದೇನೆಂದು ಊರಿಗೆಲ್ಲ ಡಂಗುರ ಹೊಡೆದಿದ್ದೆ, ಬಿಡುವುದು ಹೇಗೆ?

ಬನ್ನೂರು ಸಂತೆಯ ಚೌಕಾಸಿ, ತಲಕಾಡು ಬಸ್ಸಿನ ಹರಟೆ, ಎಲ್ಲವನ್ನೂ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ ಟೈಪಿಸಿದೆ. ಯಂತ್ರಕ್ಕೆ ಮೊದಲು ಮನುಷ್ಯರೇ ರೂಪಕ ಗುರುತಿಸಿ ಕಲಿಸಬೇಕು. ಇಬ್ಬರು ಬೇರೆಬೇರೆ ಕೂತು ಗುರುತು ಹಾಕಿ, ಇಬ್ಬರೂ ಒಪ್ಪಿದ್ದನ್ನು ಉಳಿಸಬೇಕು. ನಾನೂ ಬನ್ನೂರಿನ ಗೆಳತಿ ಸುಶೀಲಳೂ ಕೂತೆವು. ಒಮ್ಮತವೋ ಒಮ್ಮತ! 'ತಲೆ ತಿಂತಾನೆ'? ಮಾಮೂಲಿ ಮಾತು, ರೂಪಕವಲ್ಲ. 'ಬೆಲೆ ಬಿದ್ದೋಯ್ತು'? ಬಿದ್ದದ್ದು ನಿಜ ತಾನೆ! ನಾವು ಕಲಿಸಿದ್ದನ್ನೇ ನಿಷ್ಠೆಯಿಂದ ಕಲಿತ ಯಂತ್ರ, ಬನ್ನೂರು, ತಲಕಾಡು ಸೇರಿ ಇಡೀ ತಿ. ನರಸೀಪುರ ತಾಲ್ಲೂಕಿನಲ್ಲಿ ಒಂದೂ ರೂಪಕವಿಲ್ಲ ಅಂತ ವರದಿ ಒಪ್ಪಿಸಿತು. ಹುಟ್ಟಿದಾಗಿನಿಂದ ಕೇಳಿದ ಮಾತು, ಅದರೊಳಗಿನ ರೂಪಕ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ನನಗೆ ಅಳುವೇ ಬಂತು.

"ಅಳ್ತಾ ಕೂತ್ರೆ ಆಯ್ತದಾ? ಮೊದ್ಲಿಂದ ಮಾಡಾನ ಬಾರೇ" ಎಂದು ಸುಶೀಲ ಗದರಿದಳು.

ಈ ಸಲ ಪ್ರತಿ ಮಾತಿಗೂ ಮೊಂಡು ಪ್ರಶ್ನೆ. ತಲೆಯನ್ನು ಹಲ್ಲಿನಿಂದ ಕಡಿದನೇ? ಬೆಲೆ ಯಾವ ಅಟ್ಟದಿಂದ ಬಿತ್ತು? ಉತ್ತರವಿಲ್ಲದ್ದಕ್ಕೆಲ್ಲ ಹಳದಿ ಗುರುತು. ಅಬ್ಬಾ, ಪುಟ ತುಂಬ ಹಳದಿ! ಯಂತ್ರವೂ ಚುರುಕಾಗಿ, ನಾವು ತೋರಿಸದ ಮಾತುಗಳಲ್ಲೂ ರೂಪಕ ಹಿಡಿಯತೊಡಗಿತು.

ಸಮಿತಿಯ ದಿನ ಮೇಷ್ಟ್ರು ನನ್ನ ಪುಟಗಳನ್ನು ಮುಟ್ಟಲೇ ಇಲ್ಲ. "ನಿಮ್ಮ ವಾದಕ್ಕೆ ಬುಡವೇ ಇಲ್ಲ. ಯಂತ್ರದ ಕೈಗೆ ಕೊಟ್ರೆ ಭಾಷೆ ಸತ್ತೇ ಹೋಗುತ್ತೆ. ಸುಮ್ನೆ ಗಾಳಿಗೋಪುರ ಕಟ್ಟಬೇಡಿ" ಅಂದರು. ರೂಪಕ ಕವಿಗಳ ಸೊತ್ತೆಂದ ಮೇಷ್ಟ್ರು ಜನ್ಮದಲ್ಲಿ ಒಂದು ಪದ್ಯವನ್ನೂ ಬರೆದವರಲ್ಲ. ಎಲ್ಲಿಂದ ಬಂತೋ ಧೈರ್ಯ, ಅವರು ಆಡಿದ್ದನ್ನು ಅಲ್ಲೇ ಕಂಪ್ಯೂಟರಿನಲ್ಲಿ ಟೈಪಿಸಿ ಗುಂಡಿ ಒತ್ತಿದೆ. ಬುಡ, ಕೈ, ಸಾವು, ಗೋಪುರ, ಒಂದನ್ನೂ ಬಿಡದೆ ಹಳದಿ! ಉಳಿದ ಸದಸ್ಯರು ಗೊಳ್ಳೆಂದರು. ನನಗೋ ಅಲ್ಲೇ ಕುಣಿಯುವಷ್ಟು ಸಂತೋಷ.

ಮೇಷ್ಟ್ರು ಕನ್ನಡಕ ಏರಿಸಿ ಪರದೆ ಓದಿದರು. ಮತ್ತೇನೋ ಹೇಳಲು ಬಾಯಿ ತೆರೆದರು. ಕೀಲಿಮಣೆಯ ಮೇಲೆ ಕಾಯುತ್ತಿದ್ದ ನನ್ನ ಬೆರಳು ಕಂಡು, ತೆರೆದ ಬಾಯಿ ಮುಚ್ಚಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.